ಸತ್ತವರ ಪಟ್ಟಿಯಿಂದ ಎದ್ದು ಬಂದ ಕವಿ



ಇದೇ ಶಾಲೆಯಲ್ಲಿ ಎ ಬಿ ಸಿ ಡಿ ಕಲಿತ ನಾನು ಮುಂದೆ ಇಂಗ್ಲಿಷ್ ಪಾಠ ಹೇಳಿಯೇ ಅನ್ನ ತಿಂದೆ. ಆದ್ದರಿಂದ ಇಂದು ನನಗೆ ಪ್ರಿಯನಾದ ಒಬ್ಬ ಇಂಗ್ಲಿಷ್ ಕವಿ, ಕಾದಂಬರಿಕಾರನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಅವನ ಹೆಸರು ರಾಬರ್ಟ್ ಗ್ರೇವ್ಸ್.

1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾದಾಗ ಅವನು ಆಗಷ್ಟೇ ಶಾಲೆ ಮುಗಿಸಿದ್ದ 19ರ ಹುಡುಗ. ಆಕ್ಸ್‌ಫರ್ಡಿಗೆ ಹೋಗಬೇಕಾದವನು ಸೈನ್ಯ ಸೇರಿದ. 1916ರ ಜುಲೈನಲ್ಲಿ ಫ್ರಾನ್ಸಿನ ಸೋಮ್ ಕದನದಲ್ಲಿ ಶೆಲ್ಲಿನ ಚೂರು ಅವನ ಶ್ವಾಸಕೋಶವನ್ನು ಸೀಳಿತು. ಮಗ ತೀರಿಕೊಂಡನೆಂದು ಮೇಲಧಿಕಾರಿ ತಾಯಿಗೆ ಕಾಗದ ಬರೆದರು. ‘ಟೈಮ್ಸ್’ ಪತ್ರಿಕೆಯ ಪಟ್ಟಿಯಲ್ಲೂ ಹೆಸರು ಬಂತು. ಹುಡುಗ ಬದುಕಿದ್ದ!

ಮನೆಗೆ ಬಂದರೂ ಯುದ್ಧ ಅವನನ್ನು ಬಿಡಲಿಲ್ಲ. ನಡುರಾತ್ರಿ ಹಾಸಿಗೆಯ ಮೇಲೆಯೇ ಶೆಲ್ ಸಿಡಿದಂತಾಗುತ್ತಿತ್ತು. ಟೆಲಿಫೋನ್ ಮುಟ್ಟಲು ಭಯ. ಊರಿನಲ್ಲಿ ಉಳಿದವರು ಆಡುವ ವೀರಾವೇಶದ ಮಾತು ಅವನಿಗೆ ಪರಭಾಷೆಯಂತೆ ಕೇಳುತ್ತಿತ್ತು. 1929ರಲ್ಲಿ ತನ್ನ ಆತ್ಮಕಥೆ ‘ಗುಡ್‌ಬೈ ಟು ಆಲ್ ದಟ್’ ಪ್ರಕಟಿಸಿ, ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೋಗಿ ನೆಲೆಸಿದ. 1934ರಲ್ಲಿ ಬಂದ ‘ಐ, ಕ್ಲಾಡಿಯಸ್’ ಕಾದಂಬರಿ ಅವನಿಗೆ ದೊಡ್ಡ ಹೆಸರು ತಂದಿತು. ಅದರ ನಾಯಕ ಕುಂಟುವ, ತೊದಲುವ ರೋಮನ್ ರಾಜಕುಮಾರ. ದಡ್ಡನೆಂದು ಎಲ್ಲರೂ ಕಡೆಗಣಿಸಿದ್ದರಿಂದಲೇ ಬದುಕುಳಿದು, ಕಂಡದ್ದನ್ನೆಲ್ಲ ಬರೆದಿಡುತ್ತಾನೆ. ಇದನ್ನು ಓದುವಾಗ ನನಗೆ ಗ್ರೇವ್ಸನೇ ನೆನಪಾಗುತ್ತಾನೆ. 1943ರಲ್ಲಿ ಅವನ ಮಗ ಡೇವಿಡ್ ಬರ್ಮಾದ ಯುದ್ಧದಲ್ಲಿ ಮಡಿದ. ಅಪ್ಪನದೇ ರೆಜಿಮೆಂಟ್. ಈ ಬಾರಿಯ ಸುದ್ದಿ ಸುಳ್ಳಾಗಲಿಲ್ಲ.

ಇದನ್ನೆಲ್ಲ ಇಲ್ಲಿ ಯಾಕೆ ಹೇಳಿದೆ? ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯನೊಬ್ಬ ಎಸ್ಸೆಸ್ಸೆಲ್ಸಿ ಮುಗಿಸಿ ಸೈನ್ಯ ಸೇರಿದ. ರಜೆಯಲ್ಲಿ ಬಂದಾಗಲೆಲ್ಲ ಅವನನ್ನು ಅರಳಿಕಟ್ಟೆಯ ಮೇಲೆ ಕೂರಿಸಿಕೊಂಡು, “ಎಷ್ಟು ಜನರನ್ನು ಹೊಡೆದೆಯೋ?” ಎಂದು ಕೇಳುತ್ತಿದ್ದೆವು. ಅವನು ಸುಮ್ಮನೆ ನಗುತ್ತಿದ್ದ. ರಾತ್ರಿ ನಿದ್ದೆ ಬರುತ್ತದೆಯೇ ಎಂದು ನಾವ್ಯಾರೂ ಕೇಳಲಿಲ್ಲ. ಗ್ರೇವ್ಸನ ಪಾಠ ಮಾಡುತ್ತಿದ್ದ ನಾನೂ ಕೇಳಲಿಲ್ಲ. ಈಗ ಅವನಿಲ್ಲ.

ಇಂದು ಈ ವೇದಿಕೆಯಲ್ಲಿ ನಮ್ಮ ಮಾಜಿ ಸೈನಿಕರಿಗೆ ಶಾಲು ಹೊದಿಸುತ್ತಿದ್ದೇವೆ, ಸಂತೋಷ. ಮಕ್ಕಳೇ, ಒಂದು ಭಾನುವಾರ ಅವರ ಮನೆಗೂ ಹೋಗಿ. ಶೌರ್ಯದ ಕಥೆ ಬೇಕೆಂದು ಕೇಳಬೇಡಿ. ಅವರು ಏನು ಹೇಳುತ್ತಾರೋ ಅದನ್ನು ಕೇಳಿಸಿಕೊಳ್ಳಿ. ಹೇಳದಿದ್ದರೆ ಜೊತೆಯಲ್ಲಿ ಕೂತು ಕಾಫಿ ಕುಡಿದು ಬನ್ನಿ.