ಸಿರಿವಂತಿಕೆಯನ್ನು ಅಳೆಯುವುದು ಹೇಗೆ?

(ತಿಕೋಟಾದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಿರಿವಂತ ಯಾರು ಎಂದು ಯಾರಾದರೂ ಕೇಳಿದರೆ ನಾವು ಯೋಚಿಸದೆ ಉತ್ತರ ಕೊಡುತ್ತೇವೆ. ಹತ್ತು ಎಕರೆ ದ್ರಾಕ್ಷಿ ತೋಟ ಇರುವವನು, ವಿಜಯಪುರ ನಗರದಲ್ಲಿ ಮಹಡಿ ಮನೆ ಕಟ್ಟಿಸಿದವನು, ಮಗಳ ಮದುವೆಗೆ ಊರಿಗೆ ಊರನ್ನೇ ಕರೆದು ಉಣಿಸಿದವನು. ಆದರೆ ಆ ತೋಟದ ಮೇಲೆ ಬ್ಯಾಂಕಿನ ಸಾಲ ಎಷ್ಟಿದೆ, ಆ ಮನೆಯಲ್ಲಿ ಅಣ್ಣ ತಮ್ಮಂದಿರು ಪರಸ್ಪರ ಮಾತನಾಡುತ್ತಾರೆಯೇ, ಆ ಮದುವೆಯ ಸಾಲ ತೀರಿತೇ ಎಂದು ನಾವು ಕೇಳುವುದಿಲ್ಲ. ಕಣ್ಣಿಗೆ ಕಂಡದ್ದನ್ನೇ ಸಿರಿ ಎಂದು ನಂಬಿದ್ದೇವೆ. ಈ ನಂಬಿಕೆಯೇ ನಮ್ಮ ಅನೇಕ ಸಂಕಟಗಳ ಬೇರು.

ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ವಿಜಯಪುರದ ಗೋಲ ಗುಮ್ಮಟವನ್ನೇ ನೋಡಿ. ಮುಹಮ್ಮದ್ ಆದಿಲ್ ಶಾಹ್ ತನ್ನ ಸಮಾಧಿಗೆಂದು ಕಟ್ಟಿಸಿದ ಕಟ್ಟಡವದು. ಅದರ ಗುಮ್ಮಟದ ಹೊರ ವ್ಯಾಸವೇ ಸುಮಾರು 44 ಮೀಟರ್. ಸುಲ್ತಾನ 1656ರಲ್ಲಿ ತೀರಿಕೊಂಡ. ಸರಿಯಾಗಿ 30 ವರ್ಷಗಳ ನಂತರ, 1686ರಲ್ಲಿ, ಆ ರಾಜ್ಯವೇ ಮೊಗಲರ ಪಾಲಾಯಿತು. ಅವನ ಮಗ ಎರಡನೆಯ ಅಲಿ ಆದಿಲ್ ಶಾಹ್ ತನಗಾಗಿ ಆರಂಭಿಸಿದ ಸಮಾಧಿಯಂತೂ ಪೂರ್ಣಗೊಳ್ಳಲೇ ಇಲ್ಲ. ಅದನ್ನೇ ಇಂದು ನಾವು ಬಾರಾ ಕಮಾನ್ ಎಂದು ಕರೆಯುತ್ತೇವೆ. ಅದೇ ಮನೆತನದ ಕಾಲದಲ್ಲಿ ತಾಜ್ ಬಾವಡಿ, ಚಾಂದ್ ಬಾವಡಿಗಳೂ ನಿರ್ಮಾಣವಾದವು. ತೊರವಿಯ ಕಡೆಯಿಂದ ನಗರಕ್ಕೆ ನೀರು ತರುವ ಭೂಗತ ಕಾಲುವೆಗಳೂ ಆದವು. ಹಣ ಒಂದೇ ಖಜಾನೆಯದು. ಒಂದು ಪಾಲು ಸತ್ತವರ ಮೇಲಿನ ಗುಮ್ಮಟವಾಯಿತು, ಇನ್ನೊಂದು ಪಾಲು ಬದುಕಿದ್ದವರ ಬಾಯಾರಿಕೆಗೆ ನೀರಾಯಿತು. ಬರಗಾಲವನ್ನು ಕಂಡುಂಡ ಈ ನೆಲದ ನಮಗೆ, ಇವೆರಡರಲ್ಲಿ ನಿಜವಾದ ಸಂಪತ್ತು ಯಾವುದೆಂದು ಬಿಡಿಸಿ ಹೇಳಬೇಕೇ?

ನಮ್ಮ ಕಾಲದವರೇ ಆದ ಇನ್ನೊಬ್ಬರನ್ನು ನೆನೆಯೋಣ. ಇದೇ ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬಾಳಿದ ಸಿದ್ಧೇಶ್ವರ ಸ್ವಾಮೀಜಿಯವರು 2023ರ ಜನವರಿ 2ರಂದು ನಮ್ಮನ್ನಗಲಿದರು. ಅವರು ತೊಡುತ್ತಿದ್ದ ಬಿಳಿ ಅಂಗಿಗೆ ಜೇಬು ಇರಲಿಲ್ಲ. 2018ರಲ್ಲಿ ಕೇಂದ್ರ ಸರಕಾರ ಪದ್ಮಶ್ರೀ ಘೋಷಿಸಿದಾಗ ಅದನ್ನು ವಿನಯದಿಂದಲೇ ನಿರಾಕರಿಸಿದರು. ತಮಗೆ ಸ್ಮಾರಕ ಕಟ್ಟಬಾರದೆಂದು ಬದುಕಿದ್ದಾಗಲೇ ಬರೆದಿಟ್ಟಿದ್ದರು. ಅವರ ಅಂತಿಮ ದರ್ಶನಕ್ಕೆ ಜಾತಿ ಧರ್ಮಗಳ ಭೇದವಿಲ್ಲದೆ ಲಕ್ಷಾಂತರ ಜನ ಸೇರಿದರು. ಕಫನ್‌ಗೆ ಜೇಬಿಲ್ಲ ಎಂದು ನಮ್ಮ ಹಿರಿಯರು ಮಯ್ಯತ್ತಿನ ಮನೆಯಲ್ಲಿ ಹೇಳುವುದನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಕೇಳಿ ತಲೆದೂಗಿ, ಮರುದಿನ ಮತ್ತೆ ಜೇಬು ತುಂಬಿಸುವ ಚಿಂತೆಗೆ ಬಿದ್ದಿದ್ದೇವೆ. ಅವರು ಬದುಕಿದ್ದಾಗಲೇ ಆ ಜೇಬನ್ನು ತೆಗೆದಿಟ್ಟಿದ್ದರು. ವಿಶ್ವಾಸ ಬೇರೆಯಾದರೂ ನೆರೆಯವರಿಂದ ಕಲಿಯಬೇಕಾದ ಪಾಠವಿದು.

ಹಾಗಾದರೆ ಬಡತನವೇ ಶ್ರೇಷ್ಠವೇ? ಖಂಡಿತ ಅಲ್ಲ. ಪ್ರವಾದಿಯವರು(ಸ) ಬಡತನದಿಂದ ಅಲ್ಲಾಹನ ಅಭಯ ಯಾಚಿಸಿದ್ದಾರೆ. ಸಿರಿ ಇರುವುದು ಸರಕುಗಳ ರಾಶಿಯಲ್ಲಲ್ಲ, ಮನಸ್ಸಿನ ತೃಪ್ತಿಯಲ್ಲಿ ಎಂದು ಕಲಿಸಿದವರೂ ಅವರೇ. ಈ ಎರಡನ್ನೂ ಒಟ್ಟಿಗೆ ಓದಬೇಕು. ಹಸಿದವನ ಮುಂದೆ ನಿಂತು ತೃಪ್ತಿಯ ಉಪದೇಶ ಮಾಡುವುದು ಧರ್ಮವಲ್ಲ, ಕ್ರೌರ್ಯ.

ವಿದ್ವಾಂಸರ ಸಂಶೋಧನೆಯೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. ಅಮೆರಿಕದಲ್ಲಿ ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ 2010ರಲ್ಲಿ ಪ್ರಕಟಿಸಿದ ಅಧ್ಯಯನವು, ವರ್ಷಕ್ಕೆ ಸುಮಾರು 75,000 ಡಾಲರ್ ಆದಾಯದ ನಂತರ ದಿನನಿತ್ಯದ ನೆಮ್ಮದಿ ಹೆಚ್ಚುವುದಿಲ್ಲ ಎಂದಿತ್ತು. 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಇದನ್ನು ಪ್ರಶ್ನಿಸಿದರು. 2023ರಲ್ಲಿ ಕಾನೆಮನ್ ಮತ್ತು ಕಿಲ್ಲಿಂಗ್ಸ್‌ವರ್ತ್ ಜೊತೆಗೂಡಿ ಮತ್ತೆ ಪರಿಶೀಲಿಸಿದಾಗ, ಹೆಚ್ಚಿನವರಲ್ಲಿ ಆದಾಯದೊಂದಿಗೆ ನೆಮ್ಮದಿಯೂ ಏರುತ್ತದೆ, ಆದರೆ ತೀರ ದುಃಖಿತರಾದವರಲ್ಲಿ ಒಂದು ಹಂತದ ನಂತರ ಅದು ನಿಂತುಬಿಡುತ್ತದೆ ಎಂದು ಕಂಡುಬಂತು. ಅಂದರೆ ಹಣ ಹಲವು ಕಷ್ಟಗಳನ್ನು ನೀಗಿಸುತ್ತದೆ. ಆದರೆ ಅಗಲಿಕೆಯ ನೋವನ್ನು, ಒಡೆದ ಮನಸ್ಸನ್ನು, ಖಿನ್ನತೆಯನ್ನು ಅದು ಕೊಂಡುಕೊಳ್ಳಲಾರದು.

ಈಗ ನಮ್ಮ ತೋಟಗಳಿಗೆ ಬರೋಣ. ತಿಕೋಟಾ, ಬಬಲೇಶ್ವರಗಳ ಸಿರಿಯೆಂದರೆ ದ್ರಾಕ್ಷಿ. ವರ್ಷಕ್ಕೆರಡು ಬಾರಿ ಬಳ್ಳಿ ಸವರಿ, ಮಗುವಿನಂತೆ ಸಾಕಿ, ಬೇಸಿಗೆಯಲ್ಲಿ ಹಣ್ಣು ಕಿತ್ತು, ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರಡಿ, ಎರಡು ವಾರ ಆಕಾಶ ನೋಡುತ್ತಾ ಕೂರಬೇಕು. ಸುಮಾರು 4 ಕಿಲೋ ಹಣ್ಣಿಗೆ 1 ಕಿಲೋ ಒಣದ್ರಾಕ್ಷಿ. ಒಂದು ಅಕಾಲಿಕ ಮಳೆ ಸಾಕು, ಬಣ್ಣ ಕೆಡುತ್ತದೆ, ದರ ಬೀಳುತ್ತದೆ. ದರ ಏರಲೆಂದು ಕೋಲ್ಡ್ ಸ್ಟೋರೇಜಿನಲ್ಲಿಟ್ಟರೆ ಬಾಡಿಗೆಯೂ ಬಡ್ಡಿಯೂ ಜೊತೆಯಾಗಿ ಬೆಳೆಯುತ್ತವೆ.

ಮದ್ರಸದಲ್ಲಿ ಫಿಕ್ಹ್ ಓದುವಾಗ ನಾವು ಗೋಧಿ, ಜವೆ, ಖರ್ಜೂರಗಳ ಜೊತೆಗೆ ಒಣದ್ರಾಕ್ಷಿಯ ಝಕಾತನ್ನೂ ಬಾಯಿಪಾಠ ಮಾಡಿದ್ದೆವು. ಮಳೆಯಿಂದ ಬೆಳೆದ ಬೆಳೆಯಲ್ಲಿ ಹತ್ತನೆಯ ಒಂದು ಪಾಲು, ಶ್ರಮ ಮತ್ತು ಖರ್ಚಿನಿಂದ ನೀರುಣಿಸಿದ ಬೆಳೆಯಲ್ಲಿ ಇಪ್ಪತ್ತನೆಯ ಒಂದು ಪಾಲು. ಅಂದು ಅದು ಪರೀಕ್ಷೆಯ ಪಾಠವಾಗಿತ್ತು. ಬತ್ತಿದ ಕೊಳವೆಬಾವಿಯ ಪಕ್ಕದಲ್ಲಿ ಇನ್ನೊಂದು ಕೊರೆಸುತ್ತಿದ್ದ ರೈತನ ಬಳಿ ನಿಂತಾಗ ಮಾತ್ರ ಅದರ ಅರ್ಥ ಹೊಳೆಯಿತು. ಶರೀಅತ್ ಬೆಳೆಯನ್ನು ಮಾತ್ರ ಅಳೆಯುವುದಿಲ್ಲ, ಬೆಳೆದವನ ಬೆವರನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅಷ್ಟೇ ಅಲ್ಲ, ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲಗಾರರೂ ಸೇರಿದ್ದಾರೆ. ನಾವು ಸಾಹುಕಾರನೆಂದು ಸಲಾಮು ಹೊಡೆಯುವವನೇ ಕೆಲವೊಮ್ಮೆ ಸಹಾಯಕ್ಕೆ ಅರ್ಹನಾಗಿರಬಹುದು!

ಆದರೆ ಎಲ್ಲ ಸಾಲವೂ ಮಳೆಯಿಂದ ಬಂದದ್ದಲ್ಲ. ದೊಡ್ಡ ಹಾಲು, ಚಿನ್ನ, ವರನ ಕಡೆಯವರ ಪಟ್ಟಿ ಇವೆಲ್ಲ ನಾವೇ ಬಿತ್ತಿದ ಬೆಳೆ. ವರದಕ್ಷಿಣೆ ಕೇಳುವವನು ಸಿರಿವಂತನಲ್ಲ, ಸೂಟು ತೊಟ್ಟ ಯಾಚಕ. ಒಂದು ದಿನದ ಹೊಗಳಿಕೆಗಾಗಿ ಹತ್ತು ವರ್ಷದ ನಿದ್ದೆ ಮಾರುವ ತಂದೆಯನ್ನು ಕಂಡೂ ಸುಮ್ಮನಿರುವ ನಾವು ಆ ಪಾಪದಲ್ಲಿ ಪಾಲುದಾರರು.

ಸರಕಾರಕ್ಕೂ ಒಂದು ಮಾತು ಹೇಳಲೇಬೇಕು. ಕೃಷ್ಣೆಯ ನೀರು ಏತ ನೀರಾವರಿಯಿಂದ ಈ ಒಣಭೂಮಿಗೆ ಹರಿದದ್ದು ಸ್ವಾಗತಾರ್ಹ. ಆದರೆ ಬೆಳೆದದ್ದಕ್ಕೆ ನ್ಯಾಯವಾದ ಬೆಲೆ ಸಿಗದಿದ್ದರೆ ನೀರು ಸಾಲವನ್ನಷ್ಟೇ ಬೆಳೆಸುತ್ತದೆ. ಶಾಲಾ ಮಕ್ಕಳ ಆಹಾರದಲ್ಲಿ ಒಣದ್ರಾಕ್ಷಿ ಸೇರಿಸಬೇಕೆಂಬ ಬೆಳೆಗಾರರ ಬೇಡಿಕೆ ನ್ಯಾಯಯುತವಾದುದು. ಅದರಿಂದ ಮಗುವಿಗೆ ಪುಷ್ಟಿ, ರೈತನಿಗೆ ಉಸಿರು.

ಪ್ರಿಯರೇ, ಮನೆಗೆ ಮರಳಿದ ಮೇಲೆ ಒಂದು ಲೆಕ್ಕ ಬರೆಯೋಣ. ಗಳಿಸಿದ್ದೆಷ್ಟು ಎಂಬುದು ಬ್ಯಾಂಕಿಗೆ ಗೊತ್ತಿದೆ, ಅದು ಬೇಡ. ನಮ್ಮಿಂದ ಯಾರ ಸಾಲ ತೀರಿತು, ಯಾರ ಮಗಳ ಮದುವೆ ಬೇಡಿಕೆಯಿಲ್ಲದೆ ನಡೆಯಿತು, ತೋಟದಲ್ಲಿ ದುಡಿದವರ ಕೂಲಿ ಬೆವರಾರುವ ಮುನ್ನ ಸಂದಿತೇ, ರಾತ್ರಿ ನಿದ್ದೆ ಬರುತ್ತದೆಯೇ? ಈ ಲೆಕ್ಕದಲ್ಲಿ ಉಳಿದದ್ದೇ ನಮ್ಮ ಆಸ್ತಿ. ಅಂಥ ಸಿರಿಯನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.