ಸೂರ್ಯಶಕ್ತಿಯೂ ಭೂರಹಿತರ ಕಾಯಕವೂ



ಬರಕ್ಕೆ ಹೆಸರಾದ ಪಾವಗಡ ಸೀಮೆಯಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯ ಮೇಲೆ, 2018ರಲ್ಲಿ ಉದ್ಘಾಟಿತವಾದ ಸೌರವಿದ್ಯುತ್ ಕ್ಷೇತ್ರವು ಹಬ್ಬಿರುವುದು. ಭೂಮಿಯನ್ನು ಕ್ರಯಕ್ಕೆ ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಿಂದ ಮೊದಲ್ಗೊಂಡು ಗುತ್ತಿಗೆಗೆ ಪಡೆದುದು ಅಲ್ಲಿಯ ನೂತನ ಕ್ರಮವು; ಒಡೆತನವು ರೈತನಲ್ಲಿಯೇ ಉಳಿದುದು ಸಣ್ಣ ಮಾತಲ್ಲ.

ಆದರೆ ಆ ಸೀಮೆಯನ್ನು ಪರಿಶೀಲಿಸಿದ ಸಂಶೋಧಕರು ಹೊರಗುಳಿದವರನ್ನೂ ಕಂಡಿರುವರು. ಗುತ್ತಿಗೆಯ ಹಣವು ಪಹಣಿಯಲ್ಲಿ ಹೆಸರುಳ್ಳವರಿಗೆ ಸಂದಿತು. ಅನ್ಯರ ಹೊಲದಲ್ಲಿ ದುಡಿದು ಉಣ್ಣುತ್ತಿದ್ದ ಭೂರಹಿತರಿಗೆ ಗುತ್ತಿಗೆಯೂ ಬಾರದು, ಕೂಲಿಯೂ ಉಳಿಯದು. ಕುರಿಗಳು ಮೇಯುತ್ತಿದ್ದ ನೆಲಕ್ಕೆ ಬೇಲಿಯಾಯಿತು. ವಿದ್ಯುತ್ತು ಶುದ್ಧವೆಂಬುದು ನಿಜ. ಕಾಯಕವನ್ನು ಪೂಜೆಗೆ ಸಮನೆಂದ ಶರಣಧರ್ಮವು, ಕಾಯಕ ಕಳೆದುಕೊಂಡವನ ಪಾಡೇನೆಂದು ಕೇಳದಿರಲಾರದು. ಯಂತ್ರವನ್ನು ನೆಡುವ ಮುನ್ನವೇ ಭೂರಹಿತನನ್ನೂ ಸಭೆಗೆ ಕರೆದು ಕೇಳತಕ್ಕದ್ದೆಂಬುದು ಹೊಣೆಯರಿತ ನವೋಪಾಯವನ್ನು ಬಯಸುವ ವಿದ್ವಾಂಸರ ಮತವು. ಪಾವಗಡದಲ್ಲಿ ಹಲಗೆ ತೊಳೆಯುವ, ಹುಲ್ಲು ಕೀಳುವ, ಕಾವಲಿರುವ ಕೆಲಸಗಳೇನೋ ಬಂದುವು. ಅವು ಕೆಲವರಿಗಷ್ಟೇ ಸಾಲುವಂಥವು.