ಮೀನಿನ ಪಾತ್ರೆಗೆ ಸಾಬೂನು ತಗುಲಿದರೆ

(ಮೀನುಮರಿ ಬಿಡುವ ಕಾಲಕ್ಕೆ ಮುಂಚೆ ಚಾವಡಿಯಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಮಳೆ ಹಿಡಿದಿದೆ. ಕಟ್ಟೆಗಳಿಗೂ ಕೃಷಿ ಹೊಂಡಗಳಿಗೂ ನೀರು ಬರುತ್ತಿದೆ. ಇನ್ನು ಕೆಲವು ದಿನಗಳಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮರಿಗಳು ನಮ್ಮ ಹಳ್ಳಿಗಳಿಗೆ ಬರಲಿವೆ. ಹೊಂಡವನ್ನು ಸಿದ್ಧಪಡಿಸುವ ಬಗೆಯನ್ನು ಹಿಂದಿನ ಸಭೆಯಲ್ಲಿ ಮಾತನಾಡಿದ್ದೇವೆ. ಇಂದು ಬಹಳ ಸಣ್ಣದೆಂದು ತೋರುವ ಒಂದು ವಿಷಯವನ್ನು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಅದು, ಮೀನಿಗೆ ಬಳಸುವ ಡ್ರಮ್ಮು, ಬಕೆಟ್ಟು, ಕೈಬಲೆ, ಗಾಳಿಕೊಳವೆಗಳನ್ನು ತೊಳೆಯುವ ಬಗೆ.

ಈ ವಿಷಯವನ್ನು ನಾನು ಕಲಿತದ್ದು ಡಿಪ್ಲೊಮಾ ಪುಸ್ತಕದಿಂದಲ್ಲ, ನನ್ನದೇ ತಪ್ಪಿನಿಂದ. ಎರಡು ವರ್ಷಗಳ ಹಿಂದೆ ಒಬ್ಬ ರೈತರಿಗೆ ಮರಿ ತಂದುಕೊಟ್ಟೆ. ತರುವಷ್ಟರಲ್ಲಿ ಕತ್ತಲಾಗಿತ್ತು, ಮಳೆ ಬೇರೆ. ಹೊಂಡದ ದಾರಿ ಕೆಸರಾಗಿತ್ತು. ಬೆಳಗಾಗುವವರೆಗೆ ಮನೆಯಲ್ಲೇ ಇಡೋಣವೆಂದು ಅರ್ಧ ಮರಿಗಳನ್ನು 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿಗೂ, ಉಳಿದರ್ಧವನ್ನು ದನಗಳಿಗೆ ನೀರು ತುಂಬುವ ಕಲ್ಲುಬಾನಿಗೂ ಬಿಟ್ಟೆವು. ಬೆಳಿಗ್ಗೆ ನೋಡಿದರೆ ಬಾನಿಯ ಮರಿಗಳು ಚುರುಕಾಗಿ ಓಡಾಡುತ್ತಿದ್ದವು. ಡ್ರಮ್ಮಿನವು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ರೈತರು ಮರಿಯೇ ಕೆಟ್ಟದ್ದೆಂದರು. ನಾನು ನೀರಿನ ದೋಷವಿರಬಹುದೆಂದೆ. ಆದರೆ ಮರಿ ಒಂದೇ, ನೀರೂ ಒಂದೇ ಬಾವಿಯದು. ಆಗ ಮನೆಯ ಅಜ್ಜಿ ಡ್ರಮ್ಮಿನ ಒಳಮೈ ಸವರಿ, "ಇನ್ನೂ ಜಾರುತ್ತಿದೆಯಲ್ಲಪ್ಪ" ಎಂದರು. ಆ ನೀರನ್ನು ಒಂದು ಸೀಸೆಗೆ ಹಾಕಿ ಕುಲುಕಿದೆ. ನೊರೆ ಎದ್ದು ಹಾಗೆಯೇ ನಿಂತಿತು. ಮನೆಯೊಡತಿ ಹಿಂದಿನ ದಿನ ಆ ಡ್ರಮ್ಮನ್ನು ಬಟ್ಟೆ ಒಗೆಯುವ ಪುಡಿಯಿಂದ ಫಳಫಳನೆ ಉಜ್ಜಿ ಇಟ್ಟಿದ್ದರು. ಅವರ ತಪ್ಪು ಏನೂ ಇಲ್ಲ. "ಡ್ರಮ್ಮನ್ನು ಚೆನ್ನಾಗಿ ತೊಳೆದಿಡಿ" ಎಂದವನು ನಾನು. ಯಾವುದರಿಂದ ತೊಳೆಯಬೇಕು, ಯಾವುದರಿಂದ ತೊಳೆಯಬಾರದು ಎಂದು ಹೇಳಲಿಲ್ಲ. ಆ ತಾಯಿ ಅಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ನನಗೆ ಇಂದಿಗೂ ಮರೆತಿಲ್ಲ.

ಈ ಮರಿಗಳು ಸುಲಭವಾಗಿ ಬಂದವೂ ಅಲ್ಲ. ಹಿಂದೆ ಕಾಟ್ಲಾ, ರೋಹು ಮರಿ ಬೇಕಾದರೆ ಹೊಳೆಗಳಲ್ಲಿ ಹಿಡಿದು ತರಬೇಕಾಗಿತ್ತು. ನಿಂತ ನೀರಿನಲ್ಲಿ ಇವು ತಾವಾಗಿ ಮೊಟ್ಟೆ ಇಡುವುದಿಲ್ಲ. 1957ರ ಜುಲೈ 10ರಂದು ಡಾ. ಹೀರಾಲಾಲ್ ಚೌಧುರಿ ಮತ್ತು ಡಾ. ಅಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಜಾತಿಯ ಮೀನುಗಳನ್ನು ಮರಿಮಾಡಿಸಿದರು. ಅದರಿಂದಲೇ ಇಂದು ನಮ್ಮ ಹೊಂಡಗಳಿಗೆ ಮರಿ ದೊರೆಯುತ್ತಿದೆ. ಜುಲೈ 10 ಮೀನು ಕೃಷಿಕರ ದಿನವಾದದ್ದೂ ಅದರಿಂದಲೇ. ಇಷ್ಟು ಶ್ರಮದಿಂದ ಬಂದದ್ದನ್ನು ಒಂದು ಚಿಟಿಕೆ ಸಾಬೂನಿಗೆ ಕಳೆದುಕೊಳ್ಳಬಾರದು.

ಸಾಬೂನು ಮೀನಿಗೆ ಏನು ಮಾಡುತ್ತದೆ? ಮೀನು ಉಸಿರಾಡುವುದು ಕಿವಿರಿನಿಂದ. ಕಿವಿರಿನ ತೆಳುಪೊರೆಯ ಮೂಲಕವೇ ನೀರಿನಲ್ಲಿ ಕರಗಿರುವ ಆಮ್ಲಜನಕ ರಕ್ತಕ್ಕೆ ಸೇರುತ್ತದೆ. ಪೊರೆಯ ಮೇಲೆ ಲೋಳೆಯ ಕಾವಲಿರುತ್ತದೆ. ಎಣ್ಣೆ ಜಿಡ್ಡನ್ನು ಬಿಡಿಸುವ ಸಾಬೂನು ಈ ಲೋಳೆಯನ್ನೂ ಕೆಡಿಸಿ ಪೊರೆಯನ್ನು ಸುಡುತ್ತದೆ. ಆಗ ನೀರಿನಲ್ಲಿ ಆಮ್ಲಜನಕವಿದ್ದರೂ ಮೀನು ಉಸಿರುಗಟ್ಟಿ ಸಾಯುತ್ತದೆ. ಒಗೆಯುವ ಪುಡಿಯಲ್ಲಿ ನೊರೆ ಬರಿಸುವ ದ್ರವ್ಯವು 1000 ಲೀಟರ್ ನೀರಿಗೆ ಕೆಲವೇ ಗ್ರಾಂ ಸೇರಿದರೂ ಅನೇಕ ಜಾತಿಯ ಮೀನುಗಳಿಗೆ ಅಪಾಯ. 200 ಲೀಟರಿನ ಡ್ರಮ್ಮಿಗೆ ಒಂದು ಗ್ರಾಂ ಸಾಕೆಂದಾಯಿತು.

"ಹಾಗಾದರೆ ಅಂಟುವಾಳಕಾಯಿ, ಸೀಗೆಪುಡಿ ಹಾಕಬಹುದಲ್ಲ?" ಎಂದು ಕೆಲವರು ಕೇಳುತ್ತಾರೆ. ಅದೂ ಕೂಡದು. ಅವುಗಳಲ್ಲಿ ನೊರೆ ಬರಿಸುವುದು ಸಪೋನಿನ್ ಎಂಬ ವಸ್ತು. ಹಿಪ್ಪೆ ಹಿಂಡಿಯಲ್ಲಿ ಇರುವುದೂ ಇದೇ ಬಗೆಯದು. ಬೇಡದ ಮೀನುಗಳನ್ನು ಕೊಲ್ಲಲೆಂದೇ ಮರಿ ಬಿಡುವ ಮೊದಲು ಕೊಳಕ್ಕೆ ಹಿಪ್ಪೆ ಹಿಂಡಿ ಹಾಕುವುದು ತಮಗೆ ಗೊತ್ತಿದೆ. ಬೂದಿಯೂ ಬೇಡ, ಅದರಲ್ಲಿ ಕ್ಷಾರವಿದೆ. ಮೀನಿನ ಪಾತ್ರೆ ಉಜ್ಜಲು ಕಲ್ಲುಪ್ಪು ಸಾಕು.

ಆದರೂ ಸಾಬೂನು ತಗುಲಿಬಿಟ್ಟಿತೆನ್ನಿ. ಆಗ ಹೀಗೆ ಮಾಡಿರಿ:

1. ಸಾಬೂನು ನೀರನ್ನು ಹೊಂಡಕ್ಕೆ ಹರಿಯದ ಕಡೆ ಚೆಲ್ಲಿರಿ. ಪಾತ್ರೆಯನ್ನು ಬೋರಲು ಹಾಕಿ ಪೂರ್ತಿ ಬಸಿಯಲು ಬಿಡಿರಿ. ಒದ್ದೆ ಬಟ್ಟೆಯಿಂದ ಒಳಮೈ, ಅಂಚು, ಮುಚ್ಚಳದ ಸಂದುಗಳನ್ನು ಒರೆಸಿರಿ.

2. ಉಗುರುಬೆಚ್ಚಗಿನ ನೀರಿನಲ್ಲಿ ಹಲವು ಸಲ ಜಾಲಿಸಿರಿ. ಒಂದೇ ಸಲ ಬಹಳ ನೀರು ಹಾಕುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಹಾಕುವುದು ಮೇಲು. ಲೆಕ್ಕ ನೋಡಿರಿ: ಬಸಿದ ಮೇಲೂ ಬಕೆಟ್ಟಿನಲ್ಲಿ 100 ಮಿಲಿ ಲೀಟರ್ ಸಾಬೂನು ನೀರು ಉಳಿದಿದೆ. ಒಂದೇ ಸಲ 6 ಲೀಟರ್ ಹಾಕಿ ಚೆಲ್ಲಿದರೆ ಉಳಿದ ನೀರಿನ ಸಾಬೂನು ಸುಮಾರು 60ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದೇ 6 ಲೀಟರನ್ನು 2 ಲೀಟರಿನಂತೆ ಮೂರು ಸಲ ಹಾಕಿ, ಪ್ರತಿ ಸಲವೂ ಪೂರ್ತಿ ಬಸಿದರೆ 8000ದಲ್ಲಿ ಒಂದು ಪಾಲಿಗೂ ಕಡಿಮೆಯಾಗುತ್ತದೆ. ನೀರಿಗೆ ಕಷ್ಟಪಡುವ ನಮ್ಮಂಥವರು ಇದನ್ನು ನೆನಪಿಡಬೇಕು. ಆದರೆ ಮೂರಕ್ಕೆ ನಿಲ್ಲಿಸದೆ ಐದಾರು ಸಲ ಜಾಲಿಸಿರಿ. ಮೈಗೆ ಅಂಟಿಕೊಂಡ ಸಾಬೂನು ಲೆಕ್ಕದಷ್ಟು ಸುಲಭವಾಗಿ ಬಿಡುವುದಿಲ್ಲ.

3. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ಸುಣ್ಣದೊಡನೆ ಸೇರಿ ಬಿಳಿಯ ಗಸಿಯಾಗಿ ಅಂಟುತ್ತದೆ. ಅದು ಕಂಡರೆ ನಿಂಬೆರಸವನ್ನೋ ನೀರು ಬೆರೆಸಿದ ವಿನೆಗರನ್ನೋ ಸವರಿ, ಕಾಲು ಗಂಟೆ ಬಿಟ್ಟು ಉಜ್ಜಿ, ಮತ್ತೆ ಜಾಲಿಸಿರಿ. ಪ್ಲಾಸ್ಟಿಕ್ಕಿಗೂ ಗಾಜಿಗೂ ಮಾತ್ರ ಇದು. ಸಿಮೆಂಟ್ ತೊಟ್ಟಿಗೂ ಲೋಹದ ಪಾತ್ರೆಗೂ ಬೇಡ.

4. ಪಾತ್ರೆಯ ತುಂಬ ನೀರು ತುಂಬಿ ಒಂದು ರಾತ್ರಿ ಬಿಡಿರಿ. ಬೆಳಿಗ್ಗೆ ಚೆಲ್ಲಿ, ಇನ್ನೊಮ್ಮೆ ಜಾಲಿಸಿ ಒಣಗಿಸಿರಿ. ನೈಲಾನ್ ಬಲೆಯ ಗಂಟುಗಳಲ್ಲಿ ಸಾಬೂನು ಕುಳಿತಿರುವುದರಿಂದ ಅದನ್ನು ಎರಡು ಮೂರು ಸಲ ನೆನೆಹಾಕಿ ಹಿಂಡಿರಿ.

ಎಲ್ಲವನ್ನೂ ಉಳಿಸಿಕೊಳ್ಳಲು ಆಗುವುದಿಲ್ಲ. ಮಡಕೆ, ಬಿದಿರುಬುಟ್ಟಿ, ನಾರಿನ ಹಗ್ಗ, ಸ್ಪಂಜು, ಗಾಳಿಕಲ್ಲು ಇವು ಸಾಬೂನನ್ನು ಒಳಕ್ಕೆ ಹೀರಿಕೊಂಡು, ಆಮೇಲೆ ನಿಧಾನವಾಗಿ ಬಿಡುತ್ತವೆ. ಇವುಗಳನ್ನು ಮೀನಿನ ಕೆಲಸದಿಂದ ತೆಗೆದುಬಿಡಿರಿ. ಮಡಕೆ, ಬುಟ್ಟಿ ಬೇರೆ ಕೆಲಸಕ್ಕೆ ಬಂದಾವು. ಶಾಲೆಯಲ್ಲಿ ಮಕ್ಕಳು ಗಪ್ಪಿ ಮೀನು ಸಾಕಿರುವ ಗಾಜಿನ ತೊಟ್ಟಿಗೂ ಇದೇ ನಿಯಮ. ಗಾಜನ್ನು ತೊಳೆದು ಉಳಿಸಬಹುದು, ಸ್ಪಂಜನ್ನು ಬದಲಾಯಿಸಬೇಕು.

ತೊಳೆದದ್ದು ಸಾಲುವುದೇ ಎಂದು ತಿಳಿಯಲು ಎರಡು ಪರೀಕ್ಷೆಗಳಿವೆ. ರಾತ್ರಿ ನಿಂತ ನೀರನ್ನು ಚೆಲ್ಲುವ ಮೊದಲು ಅದನ್ನು ಒಂದು ಸೀಸೆಗೂ, ಅದೇ ಬಾವಿಯ ಹೊಸ ನೀರನ್ನು ಇನ್ನೊಂದು ಸೀಸೆಗೂ ಅರ್ಧರ್ಧ ತುಂಬಿ ಜೋರಾಗಿ ಕುಲುಕಿರಿ. ಸೀಸೆಗಳೂ ಸಾಬೂನು ಕಾಣದವಾಗಿರಲಿ. ಪಾತ್ರೆಯ ನೀರಿನ ಗುಳ್ಳೆ ಹೆಚ್ಚು ಹೊತ್ತು ನಿಂತರೆ ಮತ್ತೆ ತೊಳೆಯಿರಿ. ಆದರೆ ನೊರೆ ಬಾರದಿದ್ದ ಮಾತ್ರಕ್ಕೆ ಪೂರ್ತಿ ನಂಬಬೇಡಿ. ಗಡಸು ನೀರಿನಲ್ಲಿ ಸಾಬೂನಿದ್ದರೂ ನೊರೆ ಕಡಿಮೆ. ಆದುದರಿಂದ ಮೊದಲು ಹೊಸ ನೀರು ತುಂಬಿ ಎರಡು ಮೂರು ಮರಿಗಳನ್ನು ಬಿಟ್ಟು ಒಂದು ದಿನ ನೋಡಿರಿ. ಅವು ಚೆನ್ನಾಗಿದ್ದರೆ ಉಳಿದವನ್ನು ಬಿಡಿರಿ.

ಒಂದು ವೇಳೆ ಮರಿಗಳು ನೀರಿನ ಮೇಲೆ ಬಂದು ಬಾಯಿ ಬಿಡುತ್ತ, ಓರೆಯಾಗಿ ಈಜುತ್ತಿದ್ದರೆ ಸಾಬೂನಿನ ಅನುಮಾನ ಪಡಿರಿ. ತಡಮಾಡದೆ ಬೇರೆ ಪಾತ್ರೆಯ ಒಳ್ಳೆಯ ನೀರಿಗೆ ವರ್ಗಾಯಿಸಿರಿ. ಎರಡೂ ನೀರಿನ ಬಿಸುಪು ಒಂದೇ ಆಗಿರಲಿ. ಕೊಳವೆಬಾವಿಯ ನೀರಾದರೆ ಮೊದಲೇ ಎತ್ತರದಿಂದ ಹತ್ತಾರು ಸಲ ಎತ್ತಿ ಹೊಯ್ದು ಗಾಳಿ ಸೇರಿಸಿರಿ. ಅದೇ ಪಾತ್ರೆಯಲ್ಲಿ ಬರಿಯ ನೀರು ಬದಲಾಯಿಸಿ ಸುಮ್ಮನಾಗಬೇಡಿ.

ಇಷ್ಟೆಲ್ಲ ಕಷ್ಟ ಬೇಡವೆಂದಾದರೆ ಒಂದು ಸುಲಭ ದಾರಿ ಇದೆ. ಮೀನಿನ ಡ್ರಮ್ಮು, ಬಕೆಟ್ಟುಗಳಿಗೆ ಕೆಂಪು ಬಣ್ಣದ ಪಟ್ಟೆ ಹೊರಗಡೆ ಬಳಿದು, ಮನೆಯವರಿಗೆಲ್ಲ ತಿಳಿಸಿರಿ: ಕೆಂಪು ಪಟ್ಟೆಯದು ಬಚ್ಚಲಿಗೂ ಇಲ್ಲ, ಬಟ್ಟೆಗೂ ಇಲ್ಲ. ಮರಿ ಮುಟ್ಟುವ ಮುನ್ನ ಕೈಯಲ್ಲಿ ಸಾಬೂನು ಉಳಿಯದಂತೆ ಬರಿಯ ನೀರಿನಲ್ಲಿ ತೊಳೆಯಿರಿ. ಹೊಂಡಕ್ಕೆ ನೀರು ಬರುವ ಕಾಲುವೆಯಲ್ಲಿ ಬಟ್ಟೆ ಒಗೆಯಬೇಡಿ.

ನಾನು ಹೇಳಿದ ರೈತರ ಮನೆಯಲ್ಲಿ ಕಳೆದ ವರ್ಷ ಮತ್ತೆ ಮರಿ ಬಿಟ್ಟೆವು. ಅದೇ ಡ್ರಮ್ಮು. ಆ ತಾಯಿಯೇ ತೊಳೆದು, ರಾತ್ರಿ ನೆನೆಹಾಕಿ, ಸೀಸೆ ಕುಲುಕಿ ನೋಡಿ, "ಈಗ ಬಿಡಿ" ಎಂದರು. ಮರಿಗಳು ಉಳಿದವು. ಇಂದು ಮನೆಗೆ ಹೋದೊಡನೆ ತಾವು ಈ ಮಾತನ್ನು ಮನೆಯ ಹೆಂಗಸರಿಗೂ ಮಕ್ಕಳಿಗೂ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ಪಾತ್ರೆ ತೊಳೆಯುವ ಕೈಗಳಿಗೆ ವಿಷಯ ತಿಳಿಯದೆ ನಮಗೆ ಮಾತ್ರ ತಿಳಿದರೆ ಪ್ರಯೋಜನವಿಲ್ಲ.